ಕುಡಿಯುವ ನೀರು ಬದಲಾಯಿತು, ಎಸರಿಗಿಡುವ ನೀರು?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಮನೆ ಕಾಂಪೌಂಡಿನಲ್ಲೇ 620 ಅಡಿ ಬೋರ್ ಇದೆ. ನೀರು ಸಿಹಿ, ಬೇಸಿಗೆಯಲ್ಲೂ ನಿಂತಿಲ್ಲ. ದೊಡ್ಡ ಮಗನಿಗೆ 11 ವರ್ಷ. ಅವನ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ, ನಡುವೆ ಕಂದು ಗೆರೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮಗಳಿಗೆ 4 ವರ್ಷ. ಅತ್ತೆಗೆ 62, ಬೆಳಿಗ್ಗೆ ಎದ್ದರೆ ಸೊಂಟ, ಕುತ್ತಿಗೆ ಹಿಡಿದುಕೊಂಡಿರುತ್ತದೆ. ಪಂಚಾಯಿತಿಯವರು ನೀರು ಪರೀಕ್ಷೆ ಮಾಡಿಸಿ ಚೀಟಿ ಕೊಟ್ಟರು: ಫ್ಲೋರೈಡ್ 3.2, ನೈಟ್ರೇಟ್ 62, ಗಡಸುತನ 410, ಟಿಡಿಎಸ್ 1,150. ಎರಡು ವರ್ಷದಿಂದ ಕುಡಿಯಲು ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಿದ್ದೇವೆ, 20 ಲೀಟರಿಗೆ 5 ರೂಪಾಯಿ. ತಿಂಗಳಲ್ಲಿ ಹತ್ತು ದಿನ ಅದು ಕೆಟ್ಟಿರುತ್ತದೆ, ಆಗ ಬೋರಿನ ನೀರನ್ನೇ ಚೆನ್ನಾಗಿ ಕುದಿಸಿ ಕುಡಿಯುತ್ತೇವೆ. ಬೋರನ್ನು ಇನ್ನಷ್ಟು ಆಳ ಮಾಡಿಸಿದರೆ ಒಳ್ಳೆಯ ನೀರು ಬರುತ್ತದೆ ಎನ್ನುತ್ತಾರೆ ಕೆಲವರು. ಫಿಲ್ಟರ್ ಮಾರಲು ಬಂದವರು ಪೆನ್ನಿನಂಥ ಮೀಟರ್ ಅದ್ದಿ ತೋರಿಸಿ ಮಿಷನ್ ಹಾಕಿಸಿ ಎಂದರು. ಇದರ ಜೊತೆಗೆ ಹೊಸ ಶೌಚಾಲಯ ಕಟ್ಟಿಸುತ್ತಿದ್ದೇವೆ. ಬೋರಿನಿಂದ 25 ಅಡಿ ದೂರದಲ್ಲಿ 20 ಅಡಿ ಆಳದ ಒಂದೇ ಗುಂಡಿ ತೋಡಿಸುವ ಯೋಚನೆ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಮಕ್ಕಳ ಹಲ್ಲು ಮತ್ತು ಅತ್ತೆಯ ಸೊಂಟದ್ದು, ಅದರ ಹಿಂದಿರುವುದು ಫ್ಲೋರೈಡ್. ಇನ್ನೊಂದನ್ನು ನೀವು ಆತಂಕ ಎಂದು ಬರೆದಿಲ್ಲ, ಆದರೆ ಚೀಟಿಯಲ್ಲಿದೆ: ನೈಟ್ರೇಟ್ 62. ಅದಕ್ಕೂ ನೀವು ತೋಡಲು ಹೊರಟಿರುವ ಗುಂಡಿಗೂ ಸಂಬಂಧವಿದೆ. ಮೊದಲು ಫ್ಲೋರೈಡ್ ಬಗ್ಗೆ ಹೇಳುತ್ತೇನೆ.

ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಮಿತಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ನಿಮ್ಮದು ಆ ಕೊನೆಯ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. ಗಾಬರಿಯಾಗಬೇಕಾದ ಮಟ್ಟವಲ್ಲ, ಆದರೆ ನಾಳೆ ನೋಡೋಣ ಎಂದು ಬಿಡುವ ಮಟ್ಟವೂ ಅಲ್ಲ. ಅದರಲ್ಲೂ ಮನೆಯಲ್ಲಿ 4 ವರ್ಷದ ಮಗು ಇರುವಾಗ.

ನಂಬಿದ್ದು, ನಿಜವಾಗಿ ಇರುವುದು

"ನೀರು ಸಿಹಿಯಾಗಿದೆ" ಎಂಬ ಸಮಾಧಾನವನ್ನು ಬಿಟ್ಟುಬಿಡಿ. ಫ್ಲೋರೈಡಿಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಹಂಡೆಯ ಒಳಗೆ, ಸ್ಟವ್ ಮೇಲಿನ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯೂ ಫ್ಲೋರೈಡ್ ಅಲ್ಲ, ಅದು ಸುಣ್ಣದ ಅಂಶ. ಸವಳು ನೀರಿನಲ್ಲಿ ಫ್ಲೋರೈಡ್ ಕಡಿಮೆ ಇದ್ದು, ಬಾಯಿಗೆ ಹಿತವಾದ ನೀರಿನಲ್ಲಿ ಹೆಚ್ಚಿರುವುದು ನಮ್ಮ ಭಾಗದಲ್ಲಿ ಅಪರೂಪವಲ್ಲ. ನಾಲಿಗೆಯಿಂದ ಇದನ್ನು ತಿಳಿಯಲಾಗದು.

ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಆವಿಯಾಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. 4 ಲೀಟರ್ ನೀರು ಕುದಿದು 3 ಲೀಟರಿಗೆ ಇಳಿದರೆ ನಿಮ್ಮ 3.2 ಎಂಬುದು ಸುಮಾರು 4.3 ಆಗಿರುತ್ತದೆ. ನೈಟ್ರೇಟ್ ಕಥೆಯೂ ಇದೇ. ಘಟಕ ಕೆಟ್ಟ ಆ ಹತ್ತು ದಿನ ನೀವು ಕಾಳಜಿಯಿಂದ ಮಾಡುತ್ತಿರುವ ಕೆಲಸವೇ ನೀರನ್ನು ಇನ್ನಷ್ಟು ಗಟ್ಟಿ ಮಾಡುತ್ತಿದೆ. ತಾಮ್ರದ ಬಿಂದಿಗೆ, ತುಳಸಿ ಎಲೆ, ಕ್ಯಾಂಡಲ್ ಫಿಲ್ಟರ್, ಯುವಿ ದೀಪದ ಫಿಲ್ಟರ್, ಇದ್ದಿಲು, ಬ್ಲೀಚಿಂಗ್ ಪೌಡರ್, ಇವು ಯಾವುವೂ ಫ್ಲೋರೈಡನ್ನು ತೆಗೆಯುವುದಿಲ್ಲ. ನುಗ್ಗೆ ಬೀಜ ಕಲಕು ನೀರನ್ನು ತಿಳಿಯಾಗಿಸುತ್ತದೆ, ಅಷ್ಟೇ.

ಪೆನ್ನಿನಂಥ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು. ಅದರಿಂದ ಒಟ್ಟು ಲವಣದ, ಅಂದರೆ ಟಿಡಿಎಸ್‌ನ ಅಂದಾಜು ಸಿಗುತ್ತದೆ. ನಿಮ್ಮ 1,150ರಲ್ಲಿ ಫ್ಲೋರೈಡಿನ ಪಾಲು 3.2 ಮಾತ್ರ. ಟಿಡಿಎಸ್ 400 ಇದ್ದು ಫ್ಲೋರೈಡ್ 4 ಇರುವ ನೀರು ಸಿಗಬಹುದು, ಟಿಡಿಎಸ್ 1,500 ಇದ್ದು ಫ್ಲೋರೈಡ್ 0.8 ಇರುವ ನೀರೂ ಸಿಗಬಹುದು. ಮೀಟರ್ ನೋಡಿ ಮಿಷನ್ ಕೊಳ್ಳಬೇಡಿ.

ಹಲ್ಲಿನ ಕಲೆ ಉಜ್ಜದೆ ಬಂದದ್ದಲ್ಲ. ಹುಡುಗನನ್ನು ಅದಕ್ಕಾಗಿ ಗದರಿಸಿದ್ದರೆ ಇನ್ನು ಮುಂದೆ ಬೇಡ. ಶಾಶ್ವತ ಹಲ್ಲು ಒಸಡಿನ ಒಳಗೆ ರೂಪುಗೊಳ್ಳುವಾಗಲೇ, ಅಂದರೆ ಹುಟ್ಟಿನಿಂದ ಸುಮಾರು 8 ವರ್ಷದವರೆಗೆ, ಹೆಚ್ಚಾದ ಫ್ಲೋರೈಡ್ ಅದರ ಹೊರಕವಚ ಗಟ್ಟಿಯಾಗುವುದನ್ನು ಕೆಡಿಸುತ್ತದೆ. ಹಲ್ಲು ಹೊರಗೆ ಬಂದಾಗ ಅಡ್ಡಡ್ಡ ಬಿಳಿ ಪಟ್ಟೆಯಾಗಿ ಕಾಣುತ್ತದೆ. ಕಂದು ಬಣ್ಣ ಆಮೇಲೆ ಆ ಒರಟು ಜಾಗದಲ್ಲಿ ಸೇರಿಕೊಳ್ಳುತ್ತದೆ. ಕಲ್ಲುಪ್ಪು, ಇದ್ದಿಲ ಪುಡಿ ಹಾಕಿ ಉಜ್ಜಿದರೆ ಕವಚ ಇನ್ನಷ್ಟು ಸವೆಯುತ್ತದೆ.

ಇನ್ನು ಬೋರ್ ಆಳ ಮಾಡಿಸುವ ಮಾತು. ನಮ್ಮ ಕೆಳಗಿರುವುದು ಗ್ರಾನೈಟ್, ನೈಸ್, ಶಿಸ್ಟ್ ಬಂಡೆಗಳು. ಫ್ಲೋರೈಟ್, ಅಪಟೈಟ್, ಕಾಗೆಬಂಗಾರದ ಜಾತಿಯ ಬಯೊಟೈಟ್ ಮುಂತಾದ ಖನಿಜಗಳಲ್ಲಿ ಫ್ಲೋರೈಡ್ ಇದೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಬಂಡೆಯ ಬಿರುಕಿನಲ್ಲಿ ನೀರು ವರ್ಷಗಟ್ಟಲೆ ಕೂತಿರುತ್ತದೆ, ಕೂತಷ್ಟೂ ಬಂಡೆಯನ್ನು ಕರಗಿಸುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಾದ ಅಂಶ ಹೆಚ್ಚಿದ್ದರೆ ಫ್ಲೋರೈಡ್ ನೀರಿನಲ್ಲೇ ಕರಗಿಕೊಂಡಿರುತ್ತದೆ. ಆಳಕ್ಕೆ ಹೋದಷ್ಟೂ ಹಳೆಯ ನೀರು ಸಿಗುವ ಸಂಭವವೇ ಹೆಚ್ಚು. 620ರಿಂದ 900 ಅಡಿಗೆ ಇಳಿಸಿದರೆ ದುಡ್ಡು ಹೋಗುವುದು ಖಚಿತ, ಫ್ಲೋರೈಡ್ ಇಳಿಯುವುದು ಖಚಿತವಲ್ಲ.

ಮುದ್ದೆಯೊಳಗಿನ ಲೆಕ್ಕ

ಎರಡು ವರ್ಷದಿಂದ ಕ್ಯಾನ್ ನೀರು ಕುಡಿಯುತ್ತಿದ್ದೇವೆ ಎಂದು ಬರೆದಿದ್ದೀರಿ. ಅಡುಗೆಗೆ ಯಾವ ನೀರು ಎಂದು ಬರೆದಿಲ್ಲ. ಕೊಳಾಯಿ ತಿರುಗಿಸಿದರೆ ಬರುವ ಬೋರಿನ ನೀರೇ ಇರಬೇಕು, ಹೆಚ್ಚಿನ ಮನೆಗಳಲ್ಲಿ ಹಾಗೇ ಇದೆ. ನನ್ನ ಪ್ರಕಾರ ನಮ್ಮ ಜಿಲ್ಲೆಯ ಫ್ಲೋರೈಡ್ ಸಮಸ್ಯೆಯಲ್ಲಿ ಅತಿ ಹೆಚ್ಚು ಕಡೆಗಣಿಸಿರುವ ಸಂಗತಿ ಇದು.

ಲೆಕ್ಕ ಹಾಕಿ ನೋಡೋಣ. ದೊಡ್ಡವರೊಬ್ಬರು ದಿನಕ್ಕೆ 3 ಲೀಟರ್ ಘಟಕದ ನೀರು ಕುಡಿಯುತ್ತಾರೆ, ಅದರಲ್ಲಿ ಫ್ಲೋರೈಡ್ 0.3 ಇದೆ ಎಂದುಕೊಳ್ಳಿ. ಹೊಟ್ಟೆಗೆ ಹೋದದ್ದು 0.9 ಮಿಲಿಗ್ರಾಂ. ಮುದ್ದೆಯ ಎಸರು, ಅನ್ನ ಹೀರಿಕೊಂಡ ನೀರು, ಸಾರು, ಎರಡು ಮೂರು ಲೋಟ ಟೀ, ಮಜ್ಜಿಗೆಗೆ ಬೆರೆಸಿದ್ದು ಎಲ್ಲ ಸೇರಿ ಒಂದೂಕಾಲು ಲೀಟರ್ ಎನ್ನಿ. ಅದು ಬೋರಿನದಾದರೆ 4 ಮಿಲಿಗ್ರಾಂ. ಒಟ್ಟು 4.9ರಲ್ಲಿ ಐದರಲ್ಲಿ ನಾಲ್ಕು ಪಾಲು ಬಂದದ್ದು ಒಲೆಯ ಮೇಲಿನಿಂದ. ಮುದ್ದೆಯ ನೀರನ್ನು ಯಾರೂ ಬಸಿಯುವುದಿಲ್ಲ, ಹಿಟ್ಟು ಅಷ್ಟನ್ನೂ ಕುಡಿದುಬಿಡುತ್ತದೆ. ಟೀ ಸೊಪ್ಪಿನಲ್ಲೇ ಒಂದಿಷ್ಟು ಫ್ಲೋರೈಡ್ ಇರುವುದರಿಂದ ಅದು ಬೇರೆ ಸೇರುತ್ತದೆ.

ಘಟಕ ಕೆಟ್ಟ ದಿನ ಕುಡಿಯುವುದೂ ಬೋರಿನದಾದರೆ ಒಟ್ಟು 13.6 ಮಿಲಿಗ್ರಾಂ. ಬೇಸಿಗೆಯಲ್ಲಿ ಹೊಲದಲ್ಲಿ ದುಡಿದು 5 ಲೀಟರ್ ಕುಡಿಯುವವರಿಗೆ 20 ಮಿಲಿಗ್ರಾಂ. ದಿನಕ್ಕೆ ಸುಮಾರು 6 ಮಿಲಿಗ್ರಾಂ ದಾಟಿದರೆ ಮೂಳೆಗೆ ತೊಂದರೆ ಹೆಚ್ಚುವ ಸೂಚನೆ ಇದೆ, 14 ಮುಟ್ಟಿದರೆ ಅಪಾಯ ಸ್ಪಷ್ಟ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಪರಿಣತರ ಅಂದಾಜು. ಕುಡಿಯಲೂ ಅಡುಗೆಗೂ ಒಳ್ಳೆಯ ನೀರನ್ನೇ ಬಳಸಿದರೆ ಈ ಮೊತ್ತ 1.3ಕ್ಕೆ ಇಳಿಯುತ್ತದೆ.

ಆದ್ದರಿಂದ ಇಂದಿನಿಂದಲೇ ಮಾಡಬಹುದಾದದ್ದು ಇದು: ಮನೆಗೆ ಒಂದರ ಬದಲು ಎರಡು ಕ್ಯಾನ್ ತನ್ನಿ. ಐದು ಜನರ ಮನೆಗೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 40 ಲೀಟರ್ ಸಾಕು. ಅಕ್ಕಿ, ಬೇಳೆ ತೊಳೆಯುವುದಕ್ಕೆ ಬೋರಿನ ನೀರು ಪರವಾಗಿಲ್ಲ. ನೆನೆಹಾಕುವುದಕ್ಕೆ, ಬೇಯಿಸುವುದಕ್ಕೆ ಕ್ಯಾನಿನದು. ಸ್ನಾನ, ಬಟ್ಟೆ, ಪಾತ್ರೆ, ಗಿಡ ಎಲ್ಲದಕ್ಕೂ ಬೋರಿನ ನೀರನ್ನು ನಿಶ್ಚಿಂತೆಯಿಂದ ಬಳಸಿ, ಫ್ಲೋರೈಡ್ ಚರ್ಮದ ಮೂಲಕ ಒಳಗೆ ಹೋಗುವುದಿಲ್ಲ. ಇಡೀ ಮನೆಯ ನೀರನ್ನು ಶುದ್ಧ ಮಾಡಬೇಕಿಲ್ಲ ಎಂಬುದು ಗೊತ್ತಾದರೆ ಹೊರೆ ಅರ್ಧ ಇಳಿಯುತ್ತದೆ.

ಮಗಳು ಅಂಗನವಾಡಿಯಲ್ಲಿ, ಮಗ ಶಾಲೆಯ ಬಿಸಿಯೂಟದಲ್ಲಿ ಮಧ್ಯಾಹ್ನ ಉಣ್ಣುತ್ತಾರೆ. ಅಲ್ಲಿ ಬೇಳೆ ಬೇಯುವುದು ಯಾವ ನೀರಿನಲ್ಲಿ ಎಂದು ಅಡುಗೆಯವರನ್ನು ಕೇಳಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಈ ಒಂದು ವಿಷಯ ಎತ್ತಿದರೆ ನಿಮ್ಮ ಇಬ್ಬರು ಮಕ್ಕಳಿಗಷ್ಟೇ ಅಲ್ಲ, ಊರಿನ ಅಷ್ಟೂ ಮಕ್ಕಳಿಗೆ ಉಪಕಾರವಾಗುತ್ತದೆ.

ದಾರಿಗಳು, ಅವುಗಳ ತೊಡಕು

ಊರಿನ ಘಟಕವನ್ನು ಕಣ್ಣುಮುಚ್ಚಿ ನಂಬಬೇಡಿ, ಬಿಟ್ಟೂ ಬಿಡಬೇಡಿ. ಅದರೊಳಗಿನ ಆರ್‌ಒ ಪೊರೆ, ಅಂದರೆ ಒತ್ತಡದಲ್ಲಿ ನೀರನ್ನು ಸೋಸುವ ತೆಳು ಹಾಳೆ, ಸರಿಯಾಗಿದ್ದರೆ ಫ್ಲೋರೈಡಿನ ಶೇ 85ರಿಂದ 95ರಷ್ಟನ್ನು ತಡೆಯುತ್ತದೆ. ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಮರಳಿನ ಫಿಲ್ಟರನ್ನು ದಿನಾ ಹಿಮ್ಮುಖವಾಗಿ ತೊಳೆಯದೆ ಬಿಡುವುದು, ಕಾರ್ಟ್ರಿಜ್ ಕೆಸರು ಕಟ್ಟಿದರೂ ಬದಲಾಯಿಸದಿರುವುದು, ಸುಣ್ಣ ಕಟ್ಟದಂತೆ ಹಾಕುವ ದ್ರಾವಣ ಮುಗಿದರೂ ಮಿಷನ್ ಓಡಿಸುವುದು. 410 ಗಡಸುತನದ ನೀರಿನಲ್ಲಿ ಈ ಕೊನೆಯದೊಂದೇ ಕೆಲವು ತಿಂಗಳಲ್ಲಿ ಪೊರೆಯನ್ನು ಮುಚ್ಚಿಬಿಡುತ್ತದೆ. ನಾಲ್ಕನೆಯದು ಕೆಡುವುದಲ್ಲ, ಬೇಕೆಂದೇ ಮಾಡುವುದು: ನೀರು ಸಪ್ಪೆ ಎಂದು ಜನ ದೂರಿದಾಗ ಬೈಪಾಸ್ ವಾಲ್ವ್ ತಿರುಗಿಸಿ ಕಚ್ಚಾ ನೀರನ್ನು ಬೆರೆಸುತ್ತಾರೆ. ಶುದ್ಧವಾದದ್ದು 0.2 ಇದ್ದು, ಐದರಲ್ಲಿ ಒಂದು ಪಾಲು ನಿಮ್ಮೂರಿನ 3.2ರ ನೀರು ಬೆರೆತರೆ 0.8 ಆಗುತ್ತದೆ, ಸರಿ. ಐದರಲ್ಲಿ ಎರಡು ಪಾಲು ಬೆರೆತರೆ 1.4. ಆದ್ದರಿಂದ ನಿರ್ವಹಣೆ ಮಾಡುವವರನ್ನು ಟಿಡಿಎಸ್ ಎಷ್ಟು ಎಂದು ಕೇಳಬೇಡಿ. ಹೊರಬರುವ ನೀರಿನ ಫ್ಲೋರೈಡ್ ವರದಿ ಯಾವ ತಾರೀಖಿನದು ಎಂದು ಕೇಳಿ. ಮೂರು ತಿಂಗಳಿಗಿಂತ ಹಳೆಯದಾದರೆ ನೀವೇ ಒಂದು ಮಾದರಿ ಕಳಿಸಿ.

ಮಾದರಿ ಕಳಿಸುವುದು ಕಷ್ಟವಲ್ಲ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಸಾರ್ವಜನಿಕರೂ ಪರೀಕ್ಷೆ ಮಾಡಿಸಬಹುದು. ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ಒಯ್ಯಿರಿ, ಗಾಜಿನದು ಬೇಡ, ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ. ಬೋರಿನ ಮಾದರಿಯಾದರೆ ಮೋಟಾರ್ ಹತ್ತು ನಿಮಿಷ ಓಡಿಸಿ, ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ಕುಲುಕಿ ಚೆಲ್ಲಿ, ಆಮೇಲೆ ತುಂಬಿಸಿ. ಊರು, ಮೂಲ, ತಾರೀಖು ಬರೆದು ಅಂಟಿಸಿ. ಪಂಚಾಯಿತಿಯ ಕಿಟ್‌ನಲ್ಲಿ ಬಣ್ಣ ಹೋಲಿಸಿ ನೋಡುವುದು ಅಂದಾಜಿಗೆ ಸಾಕು, ತೀರ್ಮಾನಕ್ಕೆ ಸಾಲದು. ಏಪ್ರಿಲ್‌ನಲ್ಲೊಮ್ಮೆ, ಮಳೆ ಮುಗಿದ ನವೆಂಬರ್‌ನಲ್ಲೊಮ್ಮೆ ಮಾಡಿಸಿದರೆ ನಿಮ್ಮ ಬೋರಿನ ಸ್ವಭಾವ ತಿಳಿಯುತ್ತದೆ.

ಕ್ಯಾನಿನ ಬಗ್ಗೆಯೂ ಒಂದು ಮಾತು. ಕತ್ತಿನ ಒಳಗೆ ಬೆರಳು ಹಾಕಿ ಸವರಿ ನೋಡಿ. ಲೋಳೆಲೋಳೆಯಾಗಿ ಹಸಿರು ತಾಗಿದರೆ ಘಟಕದ ನೀರು ಎಷ್ಟು ಶುದ್ಧವಾಗಿದ್ದರೂ ನಿಮ್ಮ ಲೋಟಕ್ಕೆ ಬರುವುದು ಶುದ್ಧವಲ್ಲ. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹಾಗಾಗಿ ಸೇರಿದ ರೋಗಾಣು ಅಲ್ಲೇ ಬೆಳೆಯುತ್ತದೆ. ವಾರಕ್ಕೊಮ್ಮೆ ಬ್ರಷ್ ಹಾಕಿ ತೊಳೆದು, ಬ್ಲೀಚಿಂಗ್ ಪೌಡರಿನ ತಿಳಿನೀರು ತುಂಬಿಸಿ ಅರ್ಧ ಗಂಟೆ ಬಿಟ್ಟು ಚೆಲ್ಲಿ, ಚೆನ್ನಾಗಿ ಜಾಲಿಸಿ. ಕ್ಯಾನನ್ನು ಬಿಸಿಲಿಗಿಡಬೇಡಿ.

ಆರ್‌ಒ ನೀರು ಕುಡಿದರೆ ಮೂಳೆ ಸವೆಯುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ನಮಗೆ ಕ್ಯಾಲ್ಸಿಯಂ ಸಿಗುವುದು ಮುಖ್ಯವಾಗಿ ಊಟದಿಂದ. 100 ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಇದೆ. ಮುದ್ದೆ, ಮಜ್ಜಿಗೆ, ಸೊಪ್ಪು ತಪ್ಪದಿದ್ದರೆ ಆ ಭಯ ಬೇಡ. ಕ್ಯಾಲ್ಸಿಯಂ ಇರುವ ಊಟ ಹೊಟ್ಟೆಯಲ್ಲಿ ಫ್ಲೋರೈಡ್ ಹೀರಿಕೆಯನ್ನೂ ತಗ್ಗಿಸುತ್ತದೆ.

ಮನೆಗೇ ಆರ್‌ಒ ಮಿಷನ್ ಹಾಕಿಸಬಹುದು, ಕೆಲಸ ಮಾಡುತ್ತದೆ. ಆದರೆ ಸಣ್ಣ ಮಿಷನ್‌ಗಳು ನಾಲ್ಕು ಲೀಟರ್ ನೀರು ತೆಗೆದುಕೊಂಡು ಸುಮಾರು ಒಂದು ಲೀಟರ್ ಒಳ್ಳೆಯದನ್ನು ಕೊಡುತ್ತವೆ. ಉಳಿದ ಮೂರು ಲೀಟರಿನಲ್ಲಿ ಫ್ಲೋರೈಡ್ 4ರ ಮೇಲಿರುತ್ತದೆ. ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ದನದ ತೊಟ್ಟಿಗೆ ಹಾಕಬೇಡಿ, ಹೆಚ್ಚು ಫ್ಲೋರೈಡಿನಿಂದ ದನಗಳಿಗೂ ಹಲ್ಲು ಸವೆತ, ಕುಂಟು ಬರುತ್ತದೆ. ವರ್ಷಕ್ಕೆ ಕಾರ್ಟ್ರಿಜ್, ಎರಡು ವರ್ಷದೊಳಗೆ ಪೊರೆ, ಕರೆದರೆ ಬರುವ ಮೆಕ್ಯಾನಿಕ್, ಈ ಮೂರಕ್ಕೂ ಚಳ್ಳಕೆರೆಯಲ್ಲಿ ವ್ಯವಸ್ಥೆ ಇದೆಯೇ ಎಂದು ಕೊಳ್ಳುವ ಮುನ್ನ ನೋಡಿಕೊಳ್ಳಿ. ಆಕ್ಟಿವೇಟೆಡ್ ಅಲ್ಯುಮಿನಾ ತುಂಬಿದ ಫಿಲ್ಟರ್ ಕರೆಂಟಿಲ್ಲದೆ ನಡೆಯುತ್ತದೆ, ಫ್ಲೋರೈಡನ್ನು ಹಿಡಿಯುವುದು ನಿಜ. ಆದರೆ ಕ್ಷಾರ ಹೆಚ್ಚಿರುವ ನೀರಿನಲ್ಲಿ ಅದು ಬೇಗ ದಣಿಯುತ್ತದೆ, ದಣಿದದ್ದು ಕಣ್ಣಿಗೆ ಕಾಣುವುದಿಲ್ಲ, ಮತ್ತೆ ಚುರುಕುಗೊಳಿಸಲು ಕಾಸ್ಟಿಕ್ ಸೋಡಾ ಮತ್ತು ಆಮ್ಲ ಬೇಕು. ಮನೆಯಲ್ಲಿ ಮಕ್ಕಳಿರುವಾಗ ನಾನು ಹೇಳುವುದಿಲ್ಲ.

ಜಲಜೀವನ್ ಮಿಷನ್ ಯೋಜನೆಯ ನಲ್ಲಿ ಮನೆಗೆ ಬಂದಿದ್ದರೆ ಆ ನೀರು ಎಲ್ಲಿಂದ ಎಂದು ವಾಟರ್‌ಮ್ಯಾನ್‌ನನ್ನು ಕೇಳಿ. ಊರಿನದೇ ಇನ್ನೊಂದು ಬೋರಿನಿಂದ ಓವರ್‌ಹೆಡ್ ಟ್ಯಾಂಕಿಗೆ ಏರಿ ಬರುತ್ತಿದ್ದರೆ ನಲ್ಲಿ ಹೊಸದು, ನೀರು ಹಳೆಯದು. ವಾಣಿವಿಲಾಸ ಸಾಗರದಿಂದಲೋ ತುಂಗಭದ್ರಾ ಹಿನ್ನೀರಿನಿಂದಲೋ ಬಹುಗ್ರಾಮ ಯೋಜನೆಯಲ್ಲಿ ಬರುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ, ಮೇಲ್ಮೈ ನೀರಿನಲ್ಲಿ ಫ್ಲೋರೈಡ್ ಕಡಿಮೆ. ಆಗಲೂ ಬೋರಿನ ನೀರನ್ನು ಅದೇ ಟ್ಯಾಂಕಿಗೆ ಬೆರೆಸುತ್ತಿದ್ದಾರೆಯೇ ಎಂದು ವಿಚಾರಿಸಿ.

ಮಳೆನೀರು

ನಿಮ್ಮಂಥ ಮನೆಗೆ ನಾನು ಮೊದಲು ಹೇಳುವ ದಾರಿ ಇದೇ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ, ನೈಟ್ರೇಟೂ ಅಷ್ಟೇ. ಚಳ್ಳಕೆರೆ ಕಡೆ ಮಳೆ ಎಲ್ಲಿದೆ ಎಂದು ನೀವು ಕೇಳಬಹುದು. ವರ್ಷಕ್ಕೆ 450 ಮಿಲಿಮೀಟರ್ ಎಂದೇ ಹಿಡಿಯೋಣ. 20 ಅಡಿ ಅಗಲ, 27 ಅಡಿ ಉದ್ದದ ಆರ್‌ಸಿಸಿ ಚಾವಣಿ ಅಂದರೆ 50 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ಒಟ್ಟು 22,500 ಲೀಟರ್, ಐದರಲ್ಲಿ ಒಂದು ಪಾಲು ವ್ಯರ್ಥವಾಗುತ್ತದೆ ಎಂದರೂ 18,000 ಲೀಟರ್ ಕೈಗೆ ಸಿಗುತ್ತದೆ. ನಿಮಗೆ ವರ್ಷಕ್ಕೆ ಬೇಕಾದದ್ದು ದಿನಕ್ಕೆ 40ರಂತೆ 14,600. ಬರದ ವರ್ಷ 300 ಮಿಲಿಮೀಟರಿಗೆ ಇಳಿದರೆ 12,000 ಸಿಗುತ್ತದೆ, ಆಗ ಎರಡು ತಿಂಗಳಿನಷ್ಟು ಕ್ಯಾನ್ ಬೇಕಾಗುತ್ತದೆ.

ನಮ್ಮಲ್ಲಿ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನವೆಂಬರ್ ನಡುವಿನಿಂದ ಮೇ ನಡುವಿನವರೆಗೆ ಆರು ತಿಂಗಳು ಕೂಡಿಟ್ಟದ್ದರಲ್ಲೇ ಕಳೆಯಬೇಕು, ಅದಕ್ಕೆ 7,200 ಲೀಟರ್. 10,000 ಲೀಟರಿನ ಟ್ಯಾಂಕ್ ಕಟ್ಟಿಸಿ. ನೆಲದ ಮೇಲೆ 8 ಅಡಿ ವ್ಯಾಸ, 7 ಅಡಿ ಎತ್ತರದ ಗುಂಡನೆಯ ಫೆರೊಸಿಮೆಂಟ್ ಟ್ಯಾಂಕ್ ಅಷ್ಟನ್ನು ಹಿಡಿಯುತ್ತದೆ. 5,000 ಲೀಟರಿನ ಎರಡು ಕಪ್ಪು ಸಿಂಟೆಕ್ಸ್ ಕೂಡಿಸಿದರೂ ಆಗುತ್ತದೆ. ನೆಲದೊಳಗಿನ ಸಂಪ್ ನನಗೆ ಇಷ್ಟವಿಲ್ಲ. ಬಿರುಕು ಬಿಟ್ಟರೆ ಹೊರಗಿನ ಕೊಳೆ ಒಳಗೆ ಸೋರುವುದು ಗೊತ್ತಾಗುವುದಿಲ್ಲ, ನೀರೆತ್ತಲು ಬಿಂದಿಗೆ ಇಳಿಬಿಟ್ಟರೆ ಕೈಯ ಕೊಳೆಯೂ ಇಳಿಯುತ್ತದೆ. ಮೇಲಿನ ಟ್ಯಾಂಕಾದರೆ ತಳದಿಂದ ಅರ್ಧ ಅಡಿ ಮೇಲೆ ಒಂದು ನಲ್ಲಿ, ತಳದಲ್ಲಿ ತೊಳೆದು ಬಿಡಲು ಇನ್ನೊಂದು. ಬೆಳಕು ಬೀಳದಂತೆ ಮುಚ್ಚಳ, ಉಕ್ಕಿ ಹರಿಯುವ ಪೈಪಿನ ಬಾಯಿಗೆ ಸೊಳ್ಳೆ ಜಾಲರಿ.

ಮಣ್ಣಿನ ಮಾಳಿಗೆ ಮನೆಯಾದರೆ ಇದು ಆಗದು. ಮಾಳಿಗೆಯ ನೀರಿನಲ್ಲಿ ಮಣ್ಣು ಇಳಿಯುತ್ತಲೇ ಇರುತ್ತದೆ. ಪಕ್ಕದ ಕೊಟ್ಟಿಗೆಗೆ ಹೊಸ ತಗಡಿನ ಶೀಟ್ ಇದ್ದರೆ ಅದರದ್ದನ್ನು ಹಿಡಿಯಬಹುದು.

ಹೆಚ್ಚಿನ ಕಡೆ ಸೋಲುವುದು ಮೊದಲ ಮಳೆಯ ನೀರನ್ನು ಹೊರಗೆ ಬಿಡುವ ವ್ಯವಸ್ಥೆಯಲ್ಲಿ. ಚಾವಣಿಯ ಮೇಲಿನ ಧೂಳು, ಪಾರಿವಾಳದ ಹಿಕ್ಕೆ, ಒಣಗಿಸಿದ ಮೆಣಸಿನಕಾಯಿಯ ಚೂರು, ಶೇಂಗಾ ಸಿಪ್ಪೆ ಎಲ್ಲ ಮೊದಲ ಒಂದು ಮಿಲಿಮೀಟರ್ ಮಳೆಯಲ್ಲಿ ಇಳಿದುಬರುತ್ತದೆ. ನಿಮ್ಮ ಚಾವಣಿಗೆ ಅದು 50 ಲೀಟರ್. ಇಳಿಪೈಪಿಗೆ ಟೀ (ಮೂರು ಬಾಯಿಯ ಪೈಪ್ ತುಂಡು) ಜೋಡಿಸಿ ಕೆಳಗೆ ಐದಾರು ಅಡಿ 4 ಇಂಚಿನ ಪೈಪ್ ತೂಗುಹಾಕಿ ಮುಚ್ಚಿಬಿಡುತ್ತಾರೆ. 4 ಇಂಚಿನ ಪೈಪ್ ಒಂದು ಮೀಟರಿಗೆ ಹಿಡಿಯುವುದು 8 ಲೀಟರ್ ಮಾತ್ರ, ಐದಾರು ಅಡಿಗೆ 15 ಲೀಟರೂ ಆಗದು. ಉಳಿದ ಕೊಳೆ ನೇರ ಟ್ಯಾಂಕಿಗೆ. ಟೀ ಕೆಳಗೆ 50 ಲೀಟರಿನ ಮುಚ್ಚಿದ ಡ್ರಮ್ಮನ್ನೇ ಇಡಿ. ಅದು ತುಂಬಿದ ಮೇಲೆ ನೀರು ತಾನಾಗಿ ಫಿಲ್ಟರ್ ಕಡೆ ತಿರುಗುತ್ತದೆ. ಮಳೆ ನಿಂತ ಮೇಲೆ ಡ್ರಮ್ಮಿನ ತಳದ ನಲ್ಲಿ ಬಿಟ್ಟು ಖಾಲಿ ಮಾಡಬೇಕು, ಮರೆತರೆ ಮುಂದಿನ ಮಳೆಗೆ ಡ್ರಮ್ ಇದ್ದೂ ಇಲ್ಲದ ಹಾಗೆ.

ಫಿಲ್ಟರಿಗೆ 200 ಲೀಟರಿನ ಡ್ರಮ್ ಸಾಕು. ತಳದಲ್ಲಿ 20 ಎಂಎಂ ಜಲ್ಲಿ ಅರ್ಧ ಅಡಿ, ಅದರ ಮೇಲೆ ಸಣ್ಣ ಜಲ್ಲಿ ಅರ್ಧ ಅಡಿ, ನಡುವೆ ನೈಲಾನ್ ಜಾಲರಿ, ಮೇಲೆ ದಪ್ಪ ಮರಳು ಒಂದು ಅಡಿ. ಮೇಲ್ಗಡೆ ಮುಕ್ಕಾಲು ಅಡಿ ಖಾಲಿ ಇರಲಿ, ಜೋರು ಮಳೆಗೆ ನೀರು ನಿಲ್ಲಲು ಜಾಗ ಬೇಕು. ಮರಳು, ಜಲ್ಲಿ ಎರಡನ್ನೂ ಬಕೆಟ್‌ನಲ್ಲಿ ಹಾಕಿ ತಿಳಿನೀರು ಬರುವವರೆಗೆ ತೊಳೆಯಿರಿ. ಎಂ-ಸ್ಯಾಂಡ್ ತೊಳೆಯದೆ ಹಾಕಿದರೆ ಇಡೀ ವರ್ಷ ಹಾಲಿನಂಥ ನೀರು ಬರುತ್ತದೆ. ಕ್ರಿಮಿನಾಶಕದ ಡಬ್ಬಿ, ಸಿಂಪಡಿಸುವ ಪಂಪು ಚಾವಣಿಯ ಮೇಲಿದ್ದರೆ ಇವತ್ತೇ ಇಳಿಸಿ. ಇದರಲ್ಲಿ ರಿಯಾಯಿತಿ ಇಲ್ಲ.

ಹೊಸ ಸಿಮೆಂಟ್ ಟ್ಯಾಂಕಿನ ನೀರು ಕಹಿಯಾಗಿರುತ್ತದೆ. ಎರಡು ಮೂರು ಸಲ ಬೋರಿನ ನೀರು ತುಂಬಿಸಿ ಮೂರ್ನಾಲ್ಕು ದಿನ ಬಿಟ್ಟು ಹೊರಬಿಡಿ, ಆಮೇಲೆ ಮಳೆನೀರು ಹಿಡಿಯಿರಿ. ಮಳೆನೀರಿಗೆ ಫ್ಲೋರೈಡಿನ ಭಯವಿಲ್ಲ, ರೋಗಾಣುಗಳ ಭಯವಿದೆ. ಟ್ಯಾಂಕ್ ತುಂಬಿದಾಗ ಸಾವಿರ ಲೀಟರಿಗೆ 2.5ರಿಂದ 4 ಗ್ರಾಂ ಬ್ಲೀಚಿಂಗ್ ಪೌಡರ್ ಸಾಕು, 10,000ಕ್ಕೆ 25ರಿಂದ 40 ಗ್ರಾಂ. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಸುರಿದು ಒಂದು ಗಂಟೆ ಬಿಡಿ. ತೆರೆದಿಟ್ಟ ಹಳೆಯ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಮೂಗಿಗೆ ಘಾಟು ಬರದಿದ್ದರೆ ಹಾಕಿ ಉಪಯೋಗವಿಲ್ಲ. ಕುಡಿಯುವುದನ್ನು ಕುದಿಸಿಯೂ ಕುಡಿಯಬಹುದು. ನಿಮ್ಮ ಕುದಿಸುವ ಅಭ್ಯಾಸ ಕೆಲಸಕ್ಕೆ ಬರುವುದು ಇಲ್ಲಿ.

ಮಕ್ಕಳು, ಅತ್ತೆ

ಮಗನ ಹಲ್ಲಿನ ಕಲೆ ನೀರು ಬದಲಾಯಿಸಿದರೆ ಹೋಗುವುದಿಲ್ಲ. ದಂತವೈದ್ಯರು ಮೇಲ್ಪದರವನ್ನು ನವಿರಾಗಿ ತೆಗೆದು ಅಥವಾ ಹಲ್ಲಿನ ಬಣ್ಣದ ಲೇಪ ಕೂರಿಸಿ ಮರೆಮಾಡಬಲ್ಲರು. ಆತುರವಿಲ್ಲ, ಅವನಿಗೇ ಬೇಕೆನಿಸಿದಾಗ ಮಾಡಿಸಿ. ಮಗಳ ಶಾಶ್ವತ ಹಲ್ಲುಗಳು ಈಗ ಒಸಡಿನೊಳಗೆ ರೂಪುಗೊಳ್ಳುತ್ತಿವೆ. ಮುಂದಿನ ನಾಲ್ಕು ವರ್ಷ ಅವಳ ತಟ್ಟೆಗೂ ಲೋಟಕ್ಕೂ ಬೋರಿನ ನೀರು ಸೇರದಂತೆ ನೋಡಿಕೊಂಡರೆ ಕಲೆ ಬಹಳ ಕಡಿಮೆಯಾಗುತ್ತದೆ. ಪೇಸ್ಟ್ ಬಟಾಣಿ ಕಾಳಿಗಿಂತ ಹೆಚ್ಚು ಬೇಡ, ಉಗುಳುವುದನ್ನು ಕಲಿಸಿ.

ಅತ್ತೆಯವರ ನೋವೆಲ್ಲ ಫ್ಲೋರೈಡಿನದೇ ಎಂದು ನಾನು ಹೇಳಲಾರೆ. 62ರಲ್ಲಿ ಕೀಲು ಸವೆತದ ನೋವು ಎಲ್ಲೆಡೆ ಇದೆ. ಮೂರು ಕೆಲಸ ಮಾಡಿಸಿ ನೋಡಿ: ಗಲ್ಲವನ್ನು ಎದೆಗೆ ಮುಟ್ಟಿಸುವುದು, ಮಂಡಿ ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟುವುದು, ಎರಡೂ ಕೈಗಳನ್ನು ತಲೆಯ ಹಿಂದೆ ಕಟ್ಟುವುದು. ಮೂರೂ ಕಷ್ಟವಾದರೆ ಜಿಲ್ಲಾಸ್ಪತ್ರೆಯಲ್ಲಿ ಮುಂಗೈ ಮತ್ತು ಬೆನ್ನೆಲುಬಿನ ಎಕ್ಸ್‌ರೇ, ಮೂತ್ರದ ಫ್ಲೋರೈಡ್ ಪರೀಕ್ಷೆ ಬಗ್ಗೆ ಕೇಳಿ. ಮೂಳೆಗೆ ಸೇರಿದ ಫ್ಲೋರೈಡನ್ನು ಕರಗಿಸುವ ಔಷಧಿಯಿಲ್ಲ, ಹಾಗೆಂದು ಮಾರುವವರನ್ನು ನಂಬಬೇಡಿ. ನೀರು ಬದಲಾದರೆ ಮುಂದುವರಿಯುವುದು ನಿಲ್ಲುತ್ತದೆ, ಹಲವರಿಗೆ ಕೆಲವು ತಿಂಗಳಲ್ಲಿ ಬಿಗಿತ ಸಡಿಲವಾಗುತ್ತದೆ. ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ, ಫ್ಲೋರೈಡ್ ಹೊರಹೋಗುವುದು ಅಲ್ಲಿಂದಲೇ.

ಆ ಇಪ್ಪತ್ತು ಅಡಿ ಗುಂಡಿ

ತೋಡಿಸಬೇಡಿ. ನೈಟ್ರೇಟಿನ ಮಿತಿ 45, ನಿಮ್ಮದು 62. ಊರೊಳಗಿನ ಬೋರಿಗೆ ನೈಟ್ರೇಟ್ ಬರುವುದು ಸಾಮಾನ್ಯವಾಗಿ ತಿಪ್ಪೆ, ಕೊಟ್ಟಿಗೆಯ ಗಂಜಲ, ಆಳದ ಶೌಚದ ಗುಂಡಿಗಳಿಂದ. ಮೇಲಿನ ಕೊಳೆ ಆಗಲೇ ನಿಮ್ಮ ಬೋರನ್ನು ಮುಟ್ಟುತ್ತಿದೆ ಎಂದರ್ಥ. ಆರು ತಿಂಗಳೊಳಗಿನ ಕೂಸಿಗೆ ಈ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ನಿಮ್ಮ ಮನೆಯಲ್ಲಿ ಇಲ್ಲದಿದ್ದರೂ ನಿಮ್ಮಲ್ಲಿಂದ ನೀರು ಒಯ್ಯುವ ಅಕ್ಕಪಕ್ಕದವರಿಗೆ ತಿಳಿಸಿ.

ಆಳ ತೋಡಿದರೆ ಇಪ್ಪತ್ತು ವರ್ಷ ತುಂಬುವುದಿಲ್ಲ ಎಂದು ಹೇಳಿರುತ್ತಾರೆ. ತುಂಬದಿರುವುದು ಏಕೆಂದರೆ ಕೊಳೆ ಬಂಡೆಯ ಬಿರುಕಿಗೆ ಇಳಿದುಹೋಗುತ್ತಿರುತ್ತದೆ. ಮಲವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಚುರುಕಾಗಿರುವುದು ಮೇಲ್ಪದರದ ಮಣ್ಣಿನಲ್ಲಿ. ಬಿರುಕಿನಲ್ಲಿ ಸೋಸುವ ಮಣ್ಣೂ ಇಲ್ಲ.

ಎರಡು ಗುಂಡಿ ಮಾಡಿಸಿ, ತಲಾ ಮೂರೂವರೆ ಅಡಿ ವ್ಯಾಸ, 4 ಅಡಿ ಆಳ. ನಡುವೆ ಕನಿಷ್ಠ 3 ಅಡಿ ಮಣ್ಣು. ಒಳಗೋಡೆಗೆ ಇಟ್ಟಿಗೆಯನ್ನು ಜೇನುಗೂಡಿನಂತೆ ಸಂದು ಬಿಟ್ಟು ಕಟ್ಟಿ ಅಥವಾ ತೂತಿನ ರಿಂಗ್ ಇಳಿಸಿ, ತಳಕ್ಕೆ ಸಿಮೆಂಟ್ ಹಾಕಬೇಡಿ. ಬೋರಿನಿಂದ ಕನಿಷ್ಠ 33 ಅಡಿ ಎಂಬುದು ಸಾಮಾನ್ಯ ಮಣ್ಣಿನ ನಿಯಮ. ನಿಮ್ಮಲ್ಲಿ ಮೂರ್ನಾಲ್ಕು ಅಡಿಗೇ ಕಲ್ಲು ಸಿಗುವುದಾದರೆ 50 ಅಡಿ ಬಿಡಿ, ಅದೂ ಬೋರಿಗಿಂತ ಇಳಿಜಾರಿನ ಕೆಳಗಡೆ. ಕಲ್ಲು ಬೇಗ ಸಿಕ್ಕರೆ ಆಳ ಕಡಿಮೆ ಮಾಡಿ ಗುಂಡಿಯನ್ನು ನೆಲದಿಂದ ಒಂದೆರಡು ಅಡಿ ಮೇಲೆತ್ತಿ ಸುತ್ತ ಮಣ್ಣು ಏರಿಸಿ. ಎರೆ ಭೂಮಿಯಾದರೆ ನೀರು ಇಂಗುವುದು ನಿಧಾನ, ವ್ಯಾಸವನ್ನು ಒಂದಡಿ ಹೆಚ್ಚಿಸಿ. ಸ್ನಾನದ ನೀರನ್ನು ಇದಕ್ಕೆ ಬಿಡಬೇಡಿ. ಇಳಿಜಾರು ಹೆಚ್ಚಿರುವ ಗ್ರಾಮೀಣ ಪ್ಯಾನ್ ಹಾಕಿಸಿದರೆ ಒಂದೂವರೆ ಎರಡು ಲೀಟರ್ ಸುರಿದರೆ ಸಾಕು.

ಒಮ್ಮೆಗೆ ಒಂದೇ ಗುಂಡಿ ಬಳಕೆಯಲ್ಲಿರಬೇಕು, ಅದಕ್ಕೆ ಶೌಚಾಲಯದ ಪೈಪ್ ಎರಡು ಗುಂಡಿಗಳಿಗೆ ಕವಲೊಡೆಯುವ ಕೂಡು ಪೆಟ್ಟಿಗೆಯಲ್ಲಿ ಒಂದು ಬಾಯಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿರಬೇಕು. ಎರಡನ್ನೂ ತೆರೆದಿಡುವುದೇ ಮೇಸ್ತ್ರಿಗಳು ಹೆಚ್ಚಾಗಿ ಮಾಡುವ ತಪ್ಪು, ಆಗ ಎರಡೂ ಒಟ್ಟಿಗೆ ತುಂಬುತ್ತವೆ. ಐದು ಜನರ ಮನೆಗೆ ಒಂದು ಗುಂಡಿ ಸುಮಾರು ಮೂರು ವರ್ಷ ಬರುತ್ತದೆ. ತುಂಬಿದಾಗ ಇಟ್ಟಿಗೆಯನ್ನು ಆ ಬಾಯಿಗೆ ಬದಲಾಯಿಸಿ, ತುಂಬಿದ್ದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಒಣಗಿದ ಕಪ್ಪು ಗೊಬ್ಬರವಾಗುತ್ತದೆ, ವಾಸನೆ ಇರುವುದಿಲ್ಲ.

ಬೋರಿನ ಬುಡವನ್ನೂ ಒಮ್ಮೆ ಬಗ್ಗಿ ನೋಡಿ. ಕೇಸಿಂಗ್ ಪೈಪಿನ ಹೊರಗೆ ಸುತ್ತ ಸಂದು ಕಾಣುತ್ತಿದ್ದರೆ ಅಂಗಳದ ನೀರು ಅದೇ ದಾರಿಯಲ್ಲಿ ಕೆಳಗಿಳಿಯುತ್ತದೆ. ಸುತ್ತ ಎರಡು ಮೂರು ಅಡಿ ಅಗೆದು ಜೇಡಿಮಣ್ಣು ಗಿಡಿದು, ಮೇಲೆ 4 ಅಡಿ ಅಗಲದ ಸಿಮೆಂಟ್ ಕಟ್ಟೆ ಹೊರಕ್ಕೆ ಇಳಿಜಾರಾಗಿ ಹಾಕಿಸಿ. ಕೇಸಿಂಗ್ ಕಟ್ಟೆಯಿಂದ ಒಂದಡಿ ಮೇಲಿರಲಿ, ಬಾಯಿಗೆ ಮುಚ್ಚಳವಿರಲಿ. ಬೋರಿನ ಪಕ್ಕ ತಿಪ್ಪೆಯಿದ್ದರೆ ಅದನ್ನು ಗುಂಡಿಗೆ ಹೇಳಿದಷ್ಟೇ ದೂರ ಸಾಗಿಸಿ. ಇದಿಷ್ಟು ಆದ ಮೇಲೆ ಒಂದು ಮಳೆಗಾಲ ಕಳೆದು ನೈಟ್ರೇಟನ್ನು ಮತ್ತೆ ಪರೀಕ್ಷಿಸಿ, ಎರಡೂ ಚೀಟಿಗಳನ್ನು ಜೊತೆಗಿಟ್ಟು ಬರೆಯಿರಿ.